ಸಾಲು ಬಿಟ್ಟ ಮಾತು

ನಮ್ಮ ಮನೆಯಲ್ಲಿ ಅಡುಗೆಮನೆಯ ಮಾತು ಪಡಸಾಲೆಗೆ ಹೋಗಬೇಕಾದರೆ ನಡುಮನೆಯಲ್ಲಿ ನಿಂತ ನನ್ನನ್ನು ದಾಟಿಯೇ ಹೋಗಬೇಕಾಗಿತ್ತು. ಮನೆಯೇನು ಅರಮನೆಯಲ್ಲ. ಹೊಸೂರಿನ ಹತ್ತಿರದ ಬೇರಿಕೆಯಿಂದ ಗಡಿಯ ಕಡೆಗೆ ಹೋಗುವ ಮಣ್ಣುದಾರಿಯ ಪಕ್ಕದಲ್ಲಿ, ಕನ್ನಡ ತೆಲುಗು ತಮಿಳು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಊರಿನೊಳಗೆ, ನಾಡಹೆಂಚಿನದೊಂದು ಮನೆ. ಮುಂದೆ ಜಗುಲಿ, ಒಳಗೆ ಪಡಸಾಲೆ, ಅದರ ಮಗ್ಗುಲಿಗೆ ಎತ್ತಿನ ಕೊಟ್ಟಿಗೆ, ಆಮೇಲೆ ಬೆಳಕು ಕಡಿಮೆಯಿರುವ ನಡುಮನೆ, ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ. ಒಲೆಯ ಮುಂದೆ ಅವ್ವ ಪಿಸುಗುಟ್ಟಿದರೂ ಪಡಸಾಲೆಯಲ್ಲಿದ್ದ ಅಪ್ಪನಿಗೆ ಕೇಳಿಸುತ್ತಿತ್ತು. ಆದರೂ ಅವರಿಬ್ಬರೂ ನೇರವಾಗಿ ಮಾತಾಡುತ್ತಿರಲಿಲ್ಲ. ಅಪ್ಪ ಹೇಳಿದ್ದನ್ನು ಅವ್ವನಿಗೂ ಅವ್ವ ಹೇಳಿದ್ದನ್ನು ಅಪ್ಪನಿಗೂ ಒಯ್ಯುತ್ತಿದ್ದವಳು ನಾನು. ಊಟದ ಗಂಗಳವನ್ನು ಒಯ್ಯುತ್ತಿದ್ದವಳೂ ನಾನೇ.

“ರತ್ನೀ, ನಿಮ್ಮವ್ವಂಗೇಳು, ಸಾರಿಗೆ ಉಪ್ಪು ಕಮ್ಮಿ.”

“ಅವ್ವಾ, ಉಪ್ಪು ಕಮ್ಮಿಯಂತೆ.”

“ಗಂಗಳದ ಪಕ್ಕದಾಗೆ ಇಕ್ಕಿವ್ನಿ, ಹಾಕ್ಕಳಕ್ಕೇಳು.”

ಇಂಥ ಮನೆಯಲ್ಲಿ ಬೆಳೆದ ಹುಡುಗಿ ಒಂದೋ ಮೂಗಿಯಾಗಬೇಕು, ಇಲ್ಲವೇ ಮಾತಿನಮಲ್ಲಿಯಾಗಬೇಕು. ನಾನು ಎರಡನೆಯದಾದೆ. ಅಪ್ಪ ಏನೂ ಹೇಳದೆ ಉಂಡು ಎದ್ದ ದಿನ, ‘ಅವ್ವಾ, ಬಸ್ಸಾರು ಬೋ ಚೆನ್ನಾಗಿತ್ತಂತೆ’ ಎಂದು ನನ್ನ ಕಡೆಯಿಂದ ಸೇರಿಸುತ್ತಿದ್ದೆ. ಅವ್ವ ಒಲೆಯ ಕಡೆ ಮುಖ ಮಾಡಿಕೊಂಡೇ ‘ಹೌದಾ’ ಅನ್ನುತ್ತಿದ್ದಳು. ಅಪ್ಪ ಅಂಥ ಮಾತು ಆಡಿಲ್ಲವೆನ್ನುವುದು ಅವಳಿಗೆ ಕೇಳಿಸಿಯೇ ಗೊತ್ತಿತ್ತು. ನಾನು ಸುಳ್ಳು ಸೇರಿಸಿದ್ದು ಪಡಸಾಲೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ಅಪ್ಪನಿಗೂ ಗೊತ್ತಿತ್ತು. ಇಬ್ಬರೂ ಒಂದು ದಿನಕ್ಕೂ ನನ್ನನ್ನು ತಿದ್ದಲಿಲ್ಲ. ಮುಂದೆ ನಾನು ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಟೀಚರಾಗಿ, ತಮಿಳು ಮಾತಾಡುವ ಮಕ್ಕಳ ತಲೆಗೆ ಪರದೇಶದ ಭಾಷೆಯನ್ನು ಹೊತ್ತು ಹಾಕುವ ಕೆಲಸ ಮಾಡಿ ನಿವೃತ್ತಳಾದೆ. ಅದರ ತರಬೇತಿ ನಮ್ಮ ನಡುಮನೆಯಲ್ಲೇ ಆಗಿತ್ತು ಎಂದರೆ ಕೇಳಿದವರು ನಗುತ್ತಾರೆ. ನನಗೆ ನಗು ಬರುವುದಿಲ್ಲ.

ಮೊದಲಿನಿಂದಲೂ ಹೀಗಿರಲಿಲ್ಲ. ನನಗೆ ಬುದ್ಧಿ ತಿಳಿದಾಗ ಅಪ್ಪ ಅವ್ವ ಗಂಡ ಹೆಂಡಿರ ಹಾಗೆಯೇ ಇದ್ದರು. ಅಪ್ಪ ಉಣ್ಣುವಾಗ ಅವ್ವ ಎದುರಿಗೆ ಮಣೆ ಹಾಕಿಕೊಂಡು ಕೂತು, ಮುದ್ದೆ ಮುರಿದು ಇಕ್ಕುತ್ತ, ಊರ ಸುದ್ದಿಯನ್ನೆಲ್ಲ ಒಪ್ಪಿಸುತ್ತಿದ್ದಳು. ಅವ್ವನ ತವರು ರಾಯಕೋಟೆ. ನಮ್ಮ ಜನರಲ್ಲಿ ಹೆಣ್ಣು ಹುಟ್ಟಿದ ದಿನವೇ ಅವಳ ಸೋದರಮಾವನಿಗೆ ಎಂದು ಹೇಳಿಡುವ ರೂಢಿ ಇತ್ತು. ಅವ್ವನನ್ನೂ ಹಾಗೆ ಅವಳ ತಾಯಿಯ ತಮ್ಮ ನಾಗಣ್ಣನಿಗೆ ಹೇಳಿಟ್ಟಿದ್ದರು. ಆತ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ಯಾರನ್ನೋ ಮೆಚ್ಚಿ ಮದುವೆಯಾದ. ಆಮೇಲೆ ಅವ್ವನನ್ನು ನಮ್ಮ ಅಪ್ಪನಿಗೆ ಕೊಟ್ಟರು. ಇದರಲ್ಲಿ ಮುಚ್ಚುಮರೆಯೇನೂ ಇರಲಿಲ್ಲ. ಮನೆಯಲ್ಲಿ ಅದೊಂದು ತಮಾಷೆಯ ಮಾತಾಗಿತ್ತು.

“ನಿಮ್ಮ ನಾಗಣ್ಣ ಮಾವನ್ನ ಕಟ್ಕಂಡಿದ್ರೆ ಹೊಸೂರಾಗೆ ಫ್ಯಾನಿನ ಕೆಳಗೆ ಕೂತಿರ್ತಿದ್ದೆ ಕಣೆ ಸಾಕೀ,” ಎಂದು ಅಪ್ಪ ರೇಗಿಸುತ್ತಿದ್ದ.

“ಈಗೇನ್ ಕಮ್ಮಿಯಾಗೈತೆ? ಹೊಗೆ ಕುಡ್ಕಂಡು ಬೆಚ್ಚಗಿವ್ನಿ,” ಎಂದು ಅವ್ವ ಅವನ ಗಂಗಳಕ್ಕೆ ಇನ್ನೊಂದು ಸೌಟು ಸಾರು ಸುರಿಯುತ್ತಿದ್ದಳು.

ಮನೆಯ ಯಜಮಾನಿಕೆಯೆಲ್ಲ ಅಜ್ಜಿಯದು, ಅಪ್ಪನ ತಾಯಿಯದು. ಬಾಯಲ್ಲಿ ಸದಾ ಕಡ್ಡಿಪುಡಿ, ಸೊಂಟದಲ್ಲಿ ಬೀಗದ ಕೈ. ಕೆಟ್ಟವಳಲ್ಲ. ದೇವರೆಂದರೆ ಪ್ರಾಣ, ದೇವರೆಂದರೆ ಭಯವೂ ಅಷ್ಟೇ. ಮನೆಯಲ್ಲಿ ಯಾರಿಗಾದರೂ ಮೈಮೇಲೆ ಸೀತಾಳೆ ಸಿಡುಬಿನ ಗುಳ್ಳೆ ಎದ್ದರೆ ಅದನ್ನು ಕಾಯಿಲೆ ಎಂದು ಕರೆಯುವ ಹಾಗಿರಲಿಲ್ಲ. ‘ಅಮ್ಮ ಆಗೈತೆ’ ಅನ್ನಬೇಕು. ಮಾರಮ್ಮ ಆ ಮೈಯೊಳಗೆ ಬಂದು ಕೂತಿದ್ದಾಳೆ ಎಂದು ಅರ್ಥ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಬೇಕು, ಒಗ್ಗರಣೆ ಹಾಕಬಾರದು, ತಲೆ ಬಾಚಬಾರದು, ಹೊರಗಿನವರು ಒಳಗೆ ಬರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಜ್ವರ ಏರಿದಾಗ ಮನೆಯ ಹಿರಿಯಳು ಹಾಸಿಗೆಯ ಪಕ್ಕದಲ್ಲಿ ಕೂತು, ಕೈ ಮುಗಿದು ಕೇಳಬೇಕು. ಏನು ಬೇಕು ತಾಯಿ ಎಂದು. ಆಗ ಬರುವ ಉತ್ತರ ಮಲಗಿದವರದಲ್ಲ, ತಾಯಿಯದು. ಕೇಳಿದ್ದನ್ನು ಕೊಡಬೇಕು. ಕೊಡದಿದ್ದರೆ ಮನೆಗೆ ಉಳಿಗಾಲವಿಲ್ಲ.

ನನಗೆ ಅಮ್ಮ ಆದಾಗ ಅಜ್ಜಿ ಹೀಗೇ ಕೂತು ಕೇಳಿದ್ದಳು. ಜ್ವರ ಆಗಲೇ ಇಳಿದಿತ್ತು. ಬಾಯಿ ಕೆಟ್ಟುಹೋಗಿತ್ತು. ಅಂಬಲಿ, ಮಜ್ಜಿಗೆ, ಉಪ್ಪುಖಾರವಿಲ್ಲದ ಅನ್ನ ತಿಂದು ಬೇಸತ್ತಿದ್ದ ನಾನು ಕಣ್ಣು ಮುಚ್ಚಿಕೊಂಡೇ ‘ಖಾರಾಬೂಂದಿ’ ಎಂದೆ. ಅಜ್ಜಿ ಬೆಚ್ಚಿಬಿದ್ದಳು. ತಂಪು ಕೇಳುವ ತಾಯಿ ಖಾರ ಕೇಳುವುದೆಂದರೇನು?

“ತಾಯಿಗೆ ಏನೋ ಕೋಪ ಐತೆ ಕಣ್ಲಾ ಮುನಿಯಾ. ಹೋಗ್ ತಕ್ಕಂಡ್ ಬಾ,” ಎಂದು ಅಪ್ಪನನ್ನು ಬೇರಿಕೆಗೆ ಅಟ್ಟಿದಳು.

ಅಪ್ಪ ಬಿಸಿಲಿನಲ್ಲಿ ನಡೆದು ಹೋಗಿ ಪೊಟ್ಟಣ ತಂದ. ಅಜ್ಜಿ ಅದಕ್ಕೆ ಅರಿಸಿನ ಕುಂಕುಮ ಇಟ್ಟು, ಮಂಗಳಾರತಿ ಬೆಳಗಿ, ಆಮೇಲೆ ನನ್ನ ಬಾಯಿಗೆ ಹಾಕಿದಳು. ಅರಿಸಿನದ ಖಾರಾಬೂಂದಿಯ ರುಚಿ ಇವತ್ತಿಗೂ ನಾಲಿಗೆಯಲ್ಲಿದೆ.

ಮುಂದಿನ ಬೇಸಿಗೆಯಲ್ಲಿ ಅವ್ವನಿಗೆ ಆಯಿತು. ಮಕ್ಕಳಿಗಾದರೆ ಬಂದಷ್ಟೇ ಬೇಗ ಹೋಗುತ್ತದೆ, ದೊಡ್ಡವರಿಗಾದರೆ ಅದು ಉಗ್ರ. ಅವ್ವನ ಮುಖ ಗುರುತು ಸಿಗದ ಹಾಗೆ ಊದಿಕೊಂಡಿತು. ನಡುಮನೆಯಲ್ಲಿ ಬೇವಿನ ಸೊಪ್ಪು ಹರಡಿ ಅವಳನ್ನು ಮಲಗಿಸಿದ್ದರು. ಬಾಯೊಳಗೂ ಗುಳ್ಳೆ ಎದ್ದು ನೀರು ನುಂಗುವುದೂ ಕಷ್ಟವಾಗಿತ್ತು. ಜ್ವರ ಇಳಿಯಲೇ ಇಲ್ಲ. ಅಜ್ಜಿ ಊಟ ಬಿಟ್ಟಳು. ಸೊಸೆಯನ್ನು ಉಳಿಸಿಕೊಡು ಎಂದು ಒದ್ದೆ ಸೀರೆಯಲ್ಲಿ ಮಾರಮ್ಮನ ಗುಡಿ ಸುತ್ತಿ ಬಂದಳು. ಇದನ್ನು ಹೇಳಲೇಬೇಕು, ಯಾಕೆಂದರೆ ಆಮೇಲೆ ಆದದ್ದನ್ನು ಕೇಳಿದವರೆಲ್ಲ ಅಜ್ಜಿಯನ್ನು ಬೈಯುತ್ತಾರೆ. ಅವಳಿಗೆ ಅವ್ವನ ಮೇಲೆ ಹಗೆ ಇರಲಿಲ್ಲ. ಒಂದು ಮಧ್ಯಾಹ್ನ ಗುಡಿಯಿಂದ ಬಂದವಳೇ ಒದ್ದೆ ಸೀರೆಯಲ್ಲೇ ಹಾಸಿಗೆಯ ಪಕ್ಕ ಕೂತಳು. ನಾನು ಅವ್ವನ ಕಾಲ ಬಳಿ ಸೊಪ್ಪಿನಲ್ಲಿ ಗಾಳಿ ಬೀಸುತ್ತಿದ್ದೆ. ಅಪ್ಪ ಹೊಸದಾಗಿ ಮುರಿದು ತಂದ ಬೇವಿನ ಕೊಂಬೆ ಹಿಡಿದುಕೊಂಡು ಹೊಸಿಲಿನ ಮೇಲೆ ನಿಂತಿದ್ದ.

“ಏನ್ ಬೇಕು ತಾಯಿ? ಕೇಳವ್ವಾ. ಕೊಡ್ತೀವಿ,” ಎಂದಳು ಅಜ್ಜಿ.

ಅವ್ವ ಕಣ್ಣು ಬಿಟ್ಟಳು. ನಮ್ಮನ್ನೆಲ್ಲ ನೋಡಿದಳು, ಆದರೆ ನಾವು ಕಾಣಿಸಿದ ಹಾಗಿರಲಿಲ್ಲ.

“ನಾಗಣ್ಣ ಮಾವನ್ನ ಕರೀರಿ.”

“ಯಾಕ್ ತಾಯಿ?”

“ನಾನ್ ಹೋಗ್ಬೇಕು. ಇದು ನಮ್ಮನೆ ಅಲ್ಲ.” ಹೊಸಿಲಿನ ಕಡೆ ಕೈ ಎತ್ತಿದಳು. “ಇವ್ರ್ಯಾರೋ ನಂಗೊತ್ತಿಲ್ಲ. ಇವರ ಮನೇಲಿ ನಾನಿರಾಕಿಲ್ಲ. ಮಾವನ್ನ ಕರೀರಿ, ನನ್ನ ಕರ್ಕಂಡ್ ಹೋಗ್ಲಿ.”

ಅಜ್ಜಿಯ ಮುಗಿದ ಕೈ ಹಾಗೇ ನಿಂತಿತು. ಅಪ್ಪ ಕೊಂಬೆಯನ್ನು ಸದ್ದಾಗದ ಹಾಗೆ ಹೊಸಿಲ ಮೇಲೆ ಇಟ್ಟು ಕೊಟ್ಟಿಗೆಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ನಾನು ಹೋಗಿ ನೋಡಿದಾಗ ಎತ್ತಿನ ಮೈ ಉಜ್ಜುತ್ತಿದ್ದ. ಬೆಳಗ್ಗೆಯಷ್ಟೇ ಉಜ್ಜಿದ್ದ ಎತ್ತು ಅದು.

ಅವ್ವ ಉಳಿದಳು. ನಾಗಣ್ಣ ಮಾವನನ್ನು ಯಾರೂ ಕರೆಸಲಿಲ್ಲ; ಬೇವು ಅರಿಸಿನದ ನೀರು ಹಾಕಿ, ತಪ್ಪುಕಾಣಿಕೆ ಕಟ್ಟಿ, ಗುಡಿಗೆ ತಂಬಿಟ್ಟಿನ ಆರತಿ ಒಯ್ದು ಬಂದರು. ಕೈಕಾಲಿಗೆ ಸ್ವಲ್ಪ ಬಲ ಬಂದ ಮೇಲೆ ಅವ್ವ ಮತ್ತೆ ಮುದ್ದೆ ತೊಳಸಿದಳು. ಗಂಗಳ ಹಿಡಿದು, ಎಷ್ಟೋ ದಿನದ ಮೇಲೆ ಗಂಡನಿಗೆ ಬಡಿಸುವ ಸಂಭ್ರಮದಲ್ಲಿ, ಗುಳ್ಳೆಯ ಕಲೆ ತುಂಬಿದ ಮುಖದಲ್ಲಿ ನಗುತ್ತ ಪಡಸಾಲೆಗೆ ಬಂದಳು. ಅಪ್ಪ ತಲೆ ಎತ್ತಲಿಲ್ಲ.

“ರತ್ನಿ ಕೈಲಿ ಕೊಟ್ಟು ಕಳ್ಸು.”

ಅಪ್ಪ ಅವಳಿಗೆ ನೇರವಾಗಿ ಆಡಿದ ಕೊನೆಯ ಮಾತು ಅದೇ. ಅವ್ವ ಗಂಗಳವನ್ನು ನನ್ನ ಕೈಗಿಟ್ಟು ಒಳಗೆ ಹೋದಳು. ತಮಾಷೆಗೇನೋ ಅಂದಿರಬೇಕು ಎಂದುಕೊಂಡಿದ್ದಳು ಪಾಪ. ಮಾರನೆಯ ದಿನವೂ ಹಾಗೇ ಆಯಿತು, ಅದರ ಮಾರನೆಯ ದಿನವೂ. ಆಗ ಅಜ್ಜಿಯನ್ನು ಕೇಳಿದಳು.

“ಅತ್ತೆ, ಜ್ವರದಾಗೆ ನಾನೇನಾರ ಅಂದ್ನಾ?”

ಅಜ್ಜಿ ಮುಚ್ಚಿಡಲಿಲ್ಲ. ಒಂದಕ್ಷರ ಬಿಡದೆ ಹೇಳಿದಳು.

“ನಂಗೆ ಗೊತ್ತೇ ಇಲ್ವಲ್ಲ ಅತ್ತೆ! ಅರಿವಿಲ್ದೆ ಏನೋ ಬಡಬಡಿಸಿರ್ತೀನಿ.”

“ಬಿಡ್ತು ಅನ್ನು! ಬಡಬಡಿಸೋದಂತೆ! ನೀನಂದಿದ್ದಲ್ಲ ಅದು, ತಾಯಿ ಅಂದಿದ್ದು. ತಾಯಿ ಸುಳ್ಳಾಡ್ತಾಳಾ?”

ಅವ್ವ ಸಿಕ್ಕಿಬಿದ್ದದ್ದು ಇಲ್ಲಿ. ಅದು ನನ್ನ ಮಾತಲ್ಲ ಎಂದರೆ ಹೌದು, ತಾಯಿಯ ಮಾತು ಎನ್ನುತ್ತಾರೆ. ಅದು ಸುಳ್ಳು ಎಂದರೆ ಮಾರಮ್ಮನನ್ನೇ ಸುಳ್ಳಿ ಮಾಡಿದ ಹಾಗಾಗುತ್ತದೆ, ಜೀವ ಉಳಿಸಿದ ದೇವರನ್ನು. ಅವಳಿಗೂ ಅದೇ ದೇವರು, ಅದೇ ಭಯ. ಬಾಯಿ ಮುಚ್ಚಿಕೊಂಡಳು. ನನಗೆ ಮಾತ್ರ ಗೊತ್ತಿತ್ತು. ಅಜ್ಜಿಯ ಸೆರಗು ಜಗ್ಗಿ, “ಅಜ್ಜೀ, ಖಾರಾಬೂಂದಿ ಕೇಳಿದ್ದು ತಾಯಿಯಲ್ಲ, ನಾನೇಯ. ನಂಗೆ ತಿನ್ಬೇಕು ಅನ್ಸಿತ್ತು,” ಎಂದೆ. ಅಜ್ಜಿ ಅಂಗೈಯಿಂದ ನನ್ನ ಬಾಯಿ ಮುಚ್ಚಿ, ಇನ್ನೊಂದು ಕೈಯಲ್ಲಿ ತನ್ನ ಕೆನ್ನೆ ಬಡಿದುಕೊಂಡಳು. “ಮಗು ತಿಳೀದೆ ಅಂತು ತಾಯಿ, ಹೊಟ್ಟೇಲಿ ಹಾಕ್ಕೊ,” ಎಂದು ಬೇಡಿಕೊಂಡಳು. ನನ್ನ ಸಾಕ್ಷಿ ಅಲ್ಲಿಗೆ ಮುಗಿಯಿತು.

ಆಮೇಲೆ ಮನೆ ಮಾಮೂಲಿನಂತೆ ನಡೆಯಿತು. ಅದೇ ನನಗೆ ಹೆಚ್ಚು ಸಂಕಟ. ಜಗಳವಾಗಿದ್ದರೆ, ಅಪ್ಪ ಕೂಗಾಡಿದ್ದರೆ, ಅವ್ವ ತವರಿಗೆ ಹೋಗಿ ಕೂತಿದ್ದರೆ ಪಂಚಾಯಿತಿ ಸೇರಿ ಒಂದು ಮಾಡುತ್ತಿದ್ದರೋ ಏನೋ. ಬೇಸಾಯ ನಡೆಯಿತು, ಹಬ್ಬಗಳು ನಡೆದವು, ಅವರೆಕಾಯಿ ಕಾಲಕ್ಕೆ ಹಿತಕಿದ ಬೇಳೆ ಸಾರು ಆಯಿತು. ಅವ್ವ ಮಾಡಿದ ಅಡುಗೆಯನ್ನು ಅಪ್ಪ ಹೊಟ್ಟೆ ತುಂಬ ಉಂಡ, ಆದರೆ ಅವಳ ಕೈಯಿಂದ ಬಡಿಸಿಕೊಳ್ಳಲಿಲ್ಲ. ಒಂದು ದಿನ ನಾಗಣ್ಣ ಮಾವ ಬೇರಿಕೆ ಸಂತೆಗೆ ಬಂದವನು, ಏನೂ ಅರಿಯದೆ, ಹಲಸಿನ ಹಣ್ಣೊಂದನ್ನು ಹೆಗಲ ಮೇಲೆ ಹೊತ್ತುಕೊಂಡು ನಮ್ಮ ಮನೆಗೆ ಬಂದ. ಅಜ್ಜಿ ಜಗುಲಿಯ ಮೇಲೆ ಚಾಪೆ ಹಾಕಿ ಕೂರಿಸಿ ನೀರು ಕೊಟ್ಟಳು. ಅಪ್ಪ ಎದ್ದು ಹೊಲಕ್ಕೆ ಹೋದ.

“ಸಾಕಿ ಎಲ್ಲವ್ವಾ? ಕಾಣ್ತಿಲ್ಲ,” ಎಂದು ಮಾವ ಒಳಗೆ ಇಣುಕಿದ.

ಒಳಗೆ ಅವ್ವ ಒನಕೆ ಹಿಡಿದಿದ್ದಳು. ಒರಳಿನಲ್ಲಿದ್ದ ಅಕ್ಕಿ ಹಿಟ್ಟಾದ ಮೇಲೂ ಅವಳು ಕುಟ್ಟುವುದನ್ನು ನಿಲ್ಲಿಸಲಿಲ್ಲ. ಕರೆಯುವುದು ತನಗೆ ಕೇಳಿಸಲಿಲ್ಲ ಎಂದು ಮನೆಯವರೆಲ್ಲ ತಿಳಿಯಲಿ ಎಂದೇ ಜೋರಾಗಿ ಕುಟ್ಟುತ್ತಿದ್ದಳು. ಮಾವ ಸ್ವಲ್ಪ ಹೊತ್ತು ಕಾದು ಹೋದ. ತನ್ನನ್ನು ಎತ್ತಿ ಆಡಿಸಿದ ಸೋದರಮಾವನ ಮುಖವನ್ನು ಅವ್ವ ಮತ್ತೆ ನೋಡಲೇ ಇಲ್ಲ. ಅವಳಿಗೆ ಅವನ ಮೇಲೆ ಮನಸ್ಸಿತ್ತೇ, ಇರಲಿಲ್ಲವೇ? ನನ್ನನ್ನು ಕೇಳಿದರೆ, ಜ್ವರದಲ್ಲಿ ಹೆದರಿದ ಹೆಂಗಸು ಚಿಕ್ಕಂದಿನ ಮನೆಯನ್ನೂ ಅಲ್ಲಿನ ಬಲವಾದ ಭುಜವೊಂದನ್ನೂ ನೆನೆಸಿಕೊಂಡಳು, ಅಷ್ಟೇ. ಹಾಗೆಂದು ನಾನು ನಂಬಿದ್ದೆ. ಆ ನಂಬಿಕೆಯ ಮೇಲೆಯೇ ನಾನು ಬೆಳೆದೆ.

ಕೃಷ್ಣಗಿರಿಯಲ್ಲಿ ಕಾಲೇಜಿಗೆ ಸೇರಿ ಇಂಗ್ಲಿಷ್ ಓದುವಾಗ ನಮ್ಮ ಮೇಡಂ ಒಬ್ಬರಿಗೆ ಪದಗಳ ಬೇರು ಅಗೆಯುವ ಹುಚ್ಚು. ಇಂಗ್ಲಿಷಿನವರು ತಪ್ಪಿಗೆ ಹೇಳುವ ‘ಎರರ್’ ಅನ್ನುವ ಮಾತಿನ ಬುಡದಲ್ಲಿರುವುದು ಅಲೆದಾಟವಂತೆ. ‘ಡೀವಿಯೇಷನ್’ ಎಂದರೆ ದಾರಿಯಿಂದ ಆಚೆ ಸರಿದದ್ದು. ಹೀಗೆ ಹೇಳುತ್ತ ಹೇಳುತ್ತ ಅವರು ಬೋರ್ಡಿನ ಮೇಲೆ ‘ಡೆಲಿರಿಯಂ’ ಎಂದು ಬರೆದರು. ಜ್ವರ ತಲೆಗೇರಿದವರು ಆಡುವ ಅರಿವಿಲ್ಲದ ಮಾತಿಗೆ, ಆ ಸ್ಥಿತಿಗೆ, ಡಾಕ್ಟರುಗಳು ಹೇಳುವ ಹೆಸರು. ಲ್ಯಾಟಿನ್ ಎಂಬ ಹಳೆಯ ಭಾಷೆಯಲ್ಲಿ ‘ಲೀರಾ’ ಎಂದರೆ ಉಳುಮೆಯ ಸಾಲು. ‘ಡಿ’ ಎಂದರೆ ಅದರಿಂದ ಆಚೆ. ಉಳುವಾಗ ಸಾಲು ಬಿಟ್ಟು ಹೋಗುವುದೇ ಡೆಲಿರಿಯಂ. ಉಳುವ ಜನ ಕಟ್ಟಿದ ಮಾತು ಅದು, ಆಮೇಲೆ ಆಸ್ಪತ್ರೆಗೆ ಹೋಯಿತು ಎಂದರು ಮೇಡಂ. ಉಳಿದವರು ಬರೆದುಕೊಂಡರು. ನಾನು ಪೆನ್ನು ಹಿಡಿದು ಸುಮ್ಮನೆ ಕೂತಿದ್ದೆ. ಸಾಲು ಎಂದರೇನು ಎಂದು ಆ ಕ್ಲಾಸಿನಲ್ಲಿ ನನ್ನಷ್ಟು ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ನಮ್ಮ ಸುತ್ತಿನಲ್ಲಿ ಅಪ್ಪನಂಥ ಉಳುಮೆಗಾರ ಇರಲಿಲ್ಲ. ಸಾಲು ಬಿಟ್ಟ ಎತ್ತನ್ನು ಅಪ್ಪ ಹೊಡೆಯುತ್ತಿರಲಿಲ್ಲ. ನಿಂತು, ನೇಗಿಲು ಎತ್ತಿ, ಬಾಯಲ್ಲಿ ಏನೋ ಸಮಾಧಾನ ಹೇಳಿ ಮತ್ತೆ ಸಾಲಿಗೆ ತರುತ್ತಿದ್ದ. ಈ ಮಾತನ್ನು ಅಪ್ಪನಿಗೆ ಮುಟ್ಟಿಸಿದರೆ ಸಾಕು, ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಮಾರಮ್ಮನ ಮಾತಿಗೆ ಎದುರಾಗಿ ನಿಲ್ಲಬಲ್ಲ ಒಂದು ಮಾತು ಕೊನೆಗೂ ನನಗೆ ಸಿಕ್ಕಿತ್ತು. ಆ ವಾರ ರಾಯಕೋಟೆ ದಾರಿಯ ಬಸ್ಸಿನಲ್ಲಿ ಊರಿಗೆ ಹೋಗುವಾಗ ಅದನ್ನು ಬಾಯಲ್ಲೇ ಉರುಹಚ್ಚುತ್ತ ಹೋದೆ.

ಅಪ್ಪ ಹೊಲದಲ್ಲಿದ್ದ. ಬದುವಿನ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ. ಪದ, ಅದರ ಬೇರು, ಡಾಕ್ಟರುಗಳು ಹೇಳುವುದು, ಅವ್ವನಿಗೆ ಅವತ್ತು ಆದದ್ದು. ಅಪ್ಪ ಗಮನವಿಟ್ಟು ಕೇಳಿದ. ಆ ವಿಷಯವನ್ನು ಅವನ ಮುಂದೆ ಯಾರೂ ಅಷ್ಟು ಬಿಡಿಸಿ ಆಡಿರಲಿಲ್ಲ.

“ಸರಿಯಾಗೇ ಹೆಸರಿಕ್ಕವ್ರೆ,” ಎಂದ. ಆಮೇಲೆ ಮಣ್ಣಿನ ಹೆಂಟೆಯೊಂದನ್ನು ಪುಡಿ ಮಾಡುತ್ತ ಕೇಳಿದ, “ಎತ್ತು ಸಾಲು ಬಿಟ್ರೆ ಎತ್ಲಾಗ್ ಹೋಯ್ತದೆ ಹೇಳು ಮಗ.”

“ಎತ್ಲಾಗೋ ಹೋಗ್ತದೆ.”

“ಎತ್ಲಾಗೋ ಹೋಗಾಕಿಲ್ಲ. ಮನೆ ಕಡೀಕೇ ಹೋಯ್ತದೆ. ಯಾವತ್ತು ಬಿಟ್ರೂ ಅಷ್ಟೇಯ. ನಿಮ್ಮವ್ವನೂ ಅಂಗೇ ಹೋದ್ಲು.”

ನನ್ನ ಮಾತನ್ನೇ ತಿರುಗಿಸಿ ನನಗೇ ಹೊಡೆದ ಹಾಗಾಯಿತು. ಅಳು ನುಂಗಿಕೊಂಡು ಕೇಳಿದೆ. ಹಾಗಾದರೆ ಅವಳನ್ನು ಮನೆಯಲ್ಲೇಕೆ ಇಟ್ಟುಕೊಂಡೆ, ಅವಳು ಮಾಡಿದ್ದನ್ನು ಯಾಕೆ ಉಣ್ಣುತ್ತೀಯ, ಕೋಪವಿದ್ದರೆ ಪೂರ್ತಿ ಇರಲಿ ಎಂದೆ.

“ಕೋಪ ಯಾರಿಗೈತೆ?” ಅಪ್ಪನಿಗೆ ನಿಜವಾಗಿ ಆಶ್ಚರ್ಯವಾಗಿತ್ತು. “ಕಳಿಸು ಅಂತು ತಾಯಿ. ನಾನು ಕಳಿಸ್ಲಿಲ್ಲ. ನಂಗೆ ಆಗ್ಲಿಲ್ಲ ಕಣ್ ಮಗ. ದ್ಯಾವರ ಮಾತು ಮೀರಿ ಇಟ್ಕಂಡಿವ್ನಿ. ಬ್ಯಾಡ ಅಂದ ಮನೇಲಿ ಇರ್ಸಿ, ಅವಳ ಕೈಲಿ ಬಡಿಸ್ಕಂಡು ಬೇರೆ ಉಣ್ಣಾನಾ? ಅಡುಗೆ ಮಾಡೋದು ಮನೆಯೋರಿಗೆಲ್ಲ. ಬಡಿಸೋದು ಗಂಡಂಗೆ.”

ಅಪ್ಪ ಎದ್ದು ಹೋಗಿ ನೇಗಿಲು ಹಿಡಿದ. ನಾನು ಬದುವಿನ ಮೇಲೆ ಕೂತು ಅತ್ತೆ. ಹಗೆ ಎಂದು ನಾನು ತಿಳಿದಿದ್ದೆ, ಅದು ಹಗೆಯಾಗಿರಲಿಲ್ಲ. ಅಷ್ಟು ಪ್ರೀತಿಸಿದವನು ಇಷ್ಟು ಹಿಂಸೆ ಮಾಡಬಹುದು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮನೆ ಸೇರಿದಾಗ ಅವ್ವ ನನ್ನ ಮುಖ ನೋಡಿ ಏನಾಯಿತು ಎಂದಳು. ಅಪ್ಪ ಹೇಳಿದ್ದನ್ನು ಹೇಳಿದೆ, ಒಂದು ಮಾತನ್ನೂ ಸೇರಿಸದೆ. ಅವ್ವ ಒಲೆಯಿಂದ ಉರಿಯುವ ಕೊಳ್ಳಿಯನ್ನು ಹಿಂದಕ್ಕೆ ಎಳೆದಳು.

“ನಾನು ಯಾವತ್ತು ಬ್ಯಾಡ ಅಂದೆ?” ಎಂದಳು ಆಮೇಲೆ. “ಹೋಗಿ ಹೇಳು ನಿಮ್ಮಪ್ಪಂಗೆ. ಬ್ಯಾಡ ಅನ್ನೋಳು ಇಷ್ಟು ವರ್ಷ ಯಾಕಿರ್ತಿದ್ಲು ಅಂತ ಕೇಳು.”

ಹೋಗಿ ಹೇಳಿದೆ. ಅಪ್ಪ ಆಕಾಶದ ಕಡೆ ಕೈ ತೋರಿಸಿದ. ನಿಮ್ಮವ್ವ ನನ್ನ ಮೇಲಿನ ಮರುಕಕ್ಕೆ ಹಾಗೆ ಅನ್ನುತ್ತಾಳೆ, ನಿಜ ಹೇಳಿದವಳು ಮೇಲಿರುವ ಆ ತಾಯಿ ಎಂದ. ಅಲ್ಲಿಗೆ ನಾನು ಮಾತು ಒಯ್ಯುವ ಕೆಲಸ ಬಿಟ್ಟೆ. ಮದುವೆಯಾಗಿ ಹೊಸೂರಿಗೆ ಬಂದ ಮೇಲೆ ಅವರ ನಡುವೆ ಮಾತು ಹೇಗೆ ಹೋಗುತ್ತಿತ್ತೋ ನನಗೆ ಗೊತ್ತಿಲ್ಲ. ಗೋಡೆಗೆ ಹೇಳುತ್ತಿದ್ದರು ಎಂದು ಪಕ್ಕದ ಮನೆಯವರು ಹೇಳುತ್ತಿದ್ದರು. ಅಜ್ಜಿ ಸಾಯುವ ಮುಂಚೆ ನನ್ನನ್ನು ಹತ್ತಿರ ಕರೆದು, “ಅವತ್ತು ನಾನು ಕೇಳ್ಬಾರ್ದಾಗಿತ್ತು ಕಣೆ,” ಎಂದಳು. ಅವಳೂ ಅದನ್ನು ಹೊತ್ತುಕೊಂಡೇ ಇದ್ದಳು ಎಂದು ಆಗ ತಿಳಿಯಿತು. ಅವ್ವ ಹೋದದ್ದು ಎದೆನೋವಿನಿಂದ. ಜ್ವರವಿರಲಿಲ್ಲ, ಮಾತು ಸ್ವಚ್ಛವಾಗಿತ್ತು. ತಲೆ ನನ್ನ ತೊಡೆಯ ಮೇಲಿತ್ತು. ಅಪ್ಪ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದ, ಒಳಗೆ ಬರಲಿಲ್ಲ.

“ನಿಮ್ಮಪ್ಪ ಉಂಡ್ರಾ ಕೇಳು,” ಎಂದಳು.

ಕೇಳುವುದರೊಳಗೆ ಹೋಗಿಬಿಟ್ಟಳು.

ಈಗ ಅಪ್ಪ ನಮ್ಮ ಜೊತೆ ಹೊಸೂರಿನಲ್ಲಿದ್ದಾನೆ. ಇತ್ತೀಚೆಗೆ ಒಂದು ದಿನ ಕೆಮ್ಮು ಜ್ವರ ಹೆಚ್ಚಾಗಿ ಆಸ್ಪತ್ರೆಗೆ ಸೇರಿಸಿದೆವು. ಎರಡನೆಯ ದಿನ ಅವನಿಗೆ ನಾವು ಯಾರೂ ಗುರುತು ಸಿಗಲಿಲ್ಲ. ಹೊದಿಕೆಯ ಅಂಚನ್ನು ಹಗ್ಗದ ಹಾಗೆ ಹಿಡಿದು ಎಳೆಯುತ್ತಿದ್ದ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ನನ್ನ ಭುಜ ಮುಟ್ಟಿ ತಮಿಳಿನಲ್ಲಿ ಹೇಳಿದಳು.

“ಅಪ್ಪಾವುಕ್ಕು ಡೆಲಿರಿಯಂ ಅಮ್ಮಾ. ಏದಾವದು ಪೇಸುವಾರು. ಮನಸುಲೆ ವಚ್ಚುಕ್ಕಾದೀಂಗ.”

ಏನಾದರೂ ಮಾತಾಡುತ್ತಾರೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಳು. ಇಷ್ಟು ಸಣ್ಣ ಮಾತು. ನಮ್ಮ ನಡುಮನೆಯಲ್ಲಿ ಅವತ್ತು ಯಾರಾದರೂ ಇಷ್ಟನ್ನು ಹೇಳಿದ್ದರೆ ಎಂದುಕೊಂಡೆ. ಮಧ್ಯಾಹ್ನ ಗಂಜಿ ತಂದು ಮಂಚದ ಪಕ್ಕ ನಿಂತಿದ್ದೆ. ಅಪ್ಪ ಕಣ್ಣು ಬಿಟ್ಟ. ನನ್ನನ್ನು ದಾಟಿ ಬಾಗಿಲ ಕಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

“ಸಾಕೀ, ಯಾಕಲ್ಲೇ ನಿಂತ್ಕಂಡಿದ್ದೀಯ? ಇತ್ಲಾಗ್ ಬಾ.”

ಆ ಹೆಸರನ್ನು ಅವನ ಬಾಯಲ್ಲಿ ನಾನು ಕೊನೆಯ ಸಲ ಕೇಳಿದ್ದು ಚಿಕ್ಕ ಹುಡುಗಿಯಾಗಿದ್ದಾಗ.

“ರತ್ನಿ ಕೈಲಿ ಬ್ಯಾಡ. ನೀನೇ ಇಕ್ಕು.”

ನಾನು ಸೆರಗನ್ನು ಹೊದ್ದು, ಮಂಚದ ಇನ್ನೊಂದು ಮಗ್ಗುಲಿಗೆ ಹೋಗಿ, ಚಮಚ ಬಿಟ್ಟು ಕೈಯಿಂದಲೇ ಗಂಜಿ ಉಣಿಸಿದೆ. ಅಪ್ಪ ಕಣ್ಣು ಮುಚ್ಚಿಕೊಂಡು ಉಂಡ. ಮಗುವಿನ ಹಾಗೆ ಬಾಯಿ ತೆರೆದು, ಒಂದು ಹನಿ ಬಿಡದೆ ಉಂಡ.

“ನೀನು ಉಂಡ್ಯಾ ಸಾಕೀ?”

“ಹೂಂ, ಉಂಡೆ,” ಎಂದೆ. ನನ್ನ ದನಿ ನನಗೇ ಗುರುತಾಗಲಿಲ್ಲ.

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಅವ್ವಾ, ಕರೆದ ಕಣೇ, ನಿನ್ನನ್ನೇ ಕರೆದ ಎಂದು ಎದೆಯೆಲ್ಲ ಕೂಗುತ್ತಿತ್ತು. ಸಾಲು ಬಿಟ್ಟ ಎತ್ತು ಮನೆ ಕಡೆಗೇ ಹೋಗುತ್ತದೆ ಎಂದವನು ತಾನೇ ಸಾಲು ಬಿಟ್ಟು ಅವಳ ಹತ್ತಿರ ಹೋಗಿದ್ದ. ಇದು ನಿಜ, ಇದೇ ಅಪ್ಪನ ಒಳಗಿನ ಮಾತು ಎಂದು ನನಗೆ ಖಾತ್ರಿಯಾಗಿತ್ತು. ಅಷ್ಟರಲ್ಲಿ ಇನ್ನೊಂದು ಹೊಳೆಯಿತು. ಅಪ್ಪನ ಈ ಮಾತು ನಿಜವಾದರೆ, ಅದೇ ಜ್ವರದಲ್ಲಿ ಅವ್ವ ಆಡಿದ್ದೂ ನಿಜವಾಗಬೇಕು. ಅದು ಬರೀ ಬಡಬಡಿಕೆ ಎಂದು ನಾನು ಹುಡುಗಿಯಾಗಿದ್ದಾಗಿನಿಂದ ಹೊಡೆದಾಡಿಕೊಂಡು ಬಂದವಳು. ಅವ್ವನನ್ನು ಕಾಪಾಡಬೇಕಾದರೆ ಈ ಮಾತನ್ನೂ ಬಡಬಡಿಕೆ ಅನ್ನಬೇಕು. ಒಂದು ಬಾಯಿಗೆ ಒಂದು ನ್ಯಾಯ, ಇನ್ನೊಂದು ಬಾಯಿಗೆ ಇನ್ನೊಂದು ನ್ಯಾಯ ಹೇಳಲು ಆಗುವುದಿಲ್ಲ. ಆಸ್ಪತ್ರೆಯ ಆ ಬೆಂಚಿನ ಮೇಲೆ ನಾನು ಅವ್ವನ ಮಾನ ಉಳಿಸಲು, ಅವ್ವನಿಗೆ ಕೊನೆಗೂ ಬಂದ ಆ ಕರೆಯನ್ನೇ ಕಳೆದುಕೊಂಡೆ. ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪನಿಗೆ ಏನೋ ಆಯಿತೆಂದು ನರ್ಸ್ ಓಡಿ ಬಂದಳು.

ಜ್ವರ ಇಳಿದು ಅಪ್ಪನಿಗೆ ತಿಳಿವು ಬಂದ ಬೆಳಗ್ಗೆ ನಾನು ಅವನ ಮುಖ ಒರೆಸುತ್ತಿದ್ದೆ. ನನ್ನ ಕಣ್ಣು ನೋಡಿದ, ಅತ್ತು ಊದಿದ ಕಣ್ಣು. ಏನೋ ಅರ್ಥವಾದ ಹಾಗೆ ನನ್ನ ಕೈ ಹಿಡಿದುಕೊಂಡ.

“ರತ್ನೀ, ಜ್ವರದಾಗೆ ನಾನೇನಾರ ಅಂದ್ನಾ?”

“ಇಲ್ಲಪ್ಪ.”

“ಯಾರನ್ನಾರ ಕರೆದ್ನಾ?”

“ಇಲ್ಲ. ಸುಮ್ನೆ ಏನೋ ಬಡಬಡಿಸ್ತಿದ್ದೆ. ಜ್ವರದ ಮಾತು, ಅದಕ್ಕೇನೂ ಅರ್ಥ ಇರಲ್ಲ.”

ಅಪ್ಪ ಕೈ ಬಿಡಲಿಲ್ಲ.

“ಒಂದು ಹೆಸ್ರೂ ಕರೀಲಿಲ್ವಾ?” ಎಂದು ಇನ್ನೊಂದು ಸಲ, ಬೇಡುವ ಹಾಗೆ ಕೇಳಿದ.

ನಾನು ಇಲ್ಲವೆಂದು ತಲೆಯಾಡಿಸಿದೆ. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ, ಬಹಳ ಹೊತ್ತಿನವರೆಗೆ ಅವನ ಬೆನ್ನು ಅಲುಗುತ್ತಲೇ ಇತ್ತು.